ಲಾಯದಲ್ಲಿ ಕಲಿತ ಅರಬ್ಬಿ

ಹಿರೇಕೋಟೆಯ ದೊರೆಯ ಆಸ್ಥಾನದಲ್ಲಿ ದುಗ್ಗರಸನಿಗೆ ಬಾರದ ವಿದ್ಯೆಯೇ ಇರಲಿಲ್ಲ. ಹಾಗಂತ ದುಗ್ಗರಸನೇ ಹೇಳಿಕೊಂಡಿದ್ದ. ಒಂದು ದಿನ ನಾಲಿಗೆ ಇನ್ನಷ್ಟು ಉದ್ದವಾಗಿ, "ಅರಬ್ಬಿ ಭಾಷೆಯಂತೂ ನನಗೆ ನೀರು ಕುಡಿದಷ್ಟು ಸುಲಭ" ಎಂದುಬಿಟ್ಟ.

ವಾರದೊಳಗೇ ಅರಬ್ಬಿ ವರ್ತಕನೊಬ್ಬ ಕುದುರೆ ಮಾರಲು ಬಂದ. ದೊರೆಗೊಂದು ಬೆಳ್ಳಿ ಡಬ್ಬಿ ಕಾಣಿಕೆ ಕೊಟ್ಟು, "ಹಶೀಶ್" ಎಂದಷ್ಟೇ ಹೇಳಿ, ಕುದುರೆಗಳನ್ನು ತನ್ನ ಆಳಿನ ವಶಕ್ಕೆ ಬಿಟ್ಟು ಮುಂದಿನ ಊರಿಗೆ ಹೋದ.

ದೊರೆ ಡಬ್ಬಿ ಮೂಸಿದ. "ಇದು ಅಮಲಿನ ಭಂಗಿ ಸೊಪ್ಪೇ. ಆದರೆ ಹಶೀಶ್ ಅಂದರೇನು?"

ಆಸ್ಥಾನ ಪಂಡಿತ ಶಂಭುಭಟ್ಟರು ಎದ್ದರು. ಅವರ ಕಣ್ಣು ಬೆಳಿಗ್ಗೆಯಿಂದಲೇ ಕೆಂಪಗಿತ್ತು. "ಹಾಸ ಎಂದರೆ ನಗು, ಈಶ ಎಂದರೆ ಶಿವ. ನಮ್ಮ ಹಾಸೇಶವೇ ಅರಬ್ಬರ ಬಾಯಲ್ಲಿ ಹಶೀಶ್ ಆಗಿದೆ, ಪ್ರಭು."

ದೊರೆ ಇತ್ತ ತಿರುಗಿದ. "ದುಗ್ಗರಸ, ಅರಬ್ಬಿ ಬಲ್ಲವನು ನೀನು. ನಾಳೆ ನಿಜ ಹೇಳು. ಹೇಳಿದರೆ ಶಾಲು ಹೊದಿಸುತ್ತೇನೆ. ಇಲ್ಲವಾದರೆ ಆಸ್ಥಾನದ ಪೇಟ ಬಿಚ್ಚಿಟ್ಟು ಊರು ಬಿಡು."

ದುಗ್ಗರಸನಿಗೆ ಬರುತ್ತಿದ್ದ ಅರಬ್ಬಿ ಒಂದೇ ಒಂದು ಪದ, ಅದೂ ಈಗಷ್ಟೇ ಕೇಳಿದ್ದು. ನೇರ ಲಾಯಕ್ಕೆ ಓಡಿದ. ಅಲ್ಲಿದ್ದ ವರ್ತಕನ ಆಳಿಗೆ ಕನ್ನಡ ಬಾರದು. ದುಗ್ಗರಸ, "ಹಶೀಶ್, ಹಶೀಶ್" ಎನ್ನುತ್ತ ಬಾಯಿ ತೋರಿಸಿ, ಹೇಳಪ್ಪ ಎಂದು ಸನ್ನೆ ಮಾಡಿದ.

ಆಳು ಅವನನ್ನು ಮೇಲಿಂದ ಕೆಳಗೆ ನೋಡಿದ. ಪಾಪ, ಎಷ್ಟು ದಿನದ ಹಸಿವೋ ಎಂಬ ಮುಖ ಮಾಡಿ, ಒಂದು ತೆಕ್ಕೆ ಒಣಹುಲ್ಲು ತಂದು ಅವನ ಮುಂದಿಟ್ಟ.

ದುಗ್ಗರಸನಿಗೆ ಸಿಟ್ಟು ನೆತ್ತಿಗೇರಿತು. ಅಷ್ಟರಲ್ಲಿ ಪಕ್ಕದ ಬಿಳಿ ಕುದುರೆ ಕತ್ತು ಚಾಚಿ ಹುಲ್ಲು ತಿನ್ನತೊಡಗಿತು. ಅವನು ಅನುಮಾನದಿಂದ ಇನ್ನೊಮ್ಮೆ "ಹಶೀಶ್" ಎಂದ. ಇನ್ನೊಂದು ತೆಕ್ಕೆ ಬಂತು.

ಮರುದಿನ ಆ ಆಳನ್ನು ಕರೆದುಕೊಂಡೇ ಆಸ್ಥಾನಕ್ಕೆ ಬಂದ. "ಪ್ರಭು, ತಾವೇ ಆ ಪದ ಹೇಳಿ ನೋಡಿ."

ದೊರೆ ಹೇಳಿದ. ಆಳು ಹೊರಗೆ ಓಡಿ ಒಣಹುಲ್ಲು ಹೊತ್ತು ತಂದ. ಸಭೆಯನ್ನೆಲ್ಲ ಒಮ್ಮೆ ನೋಡಿ, ನೆಟ್ಟಗೆ ಹೋಗಿ ದುಗ್ಗರಸನ ಮುಂದೆ ಇಟ್ಟ. ನಿನ್ನೆಯ ಗುರುತು ಅವನಿಗೆ ಮರೆತಿರಲಿಲ್ಲ. ಸಭೆ ಗೊಳ್ಳೆಂದಿತು.

"ಒಣಹುಲ್ಲು, ಪ್ರಭು. ಪದದ ಅರ್ಥ ಇಷ್ಟೇ" ಎಂದ ದುಗ್ಗರಸ.

"ಅಂಥ ದಿವ್ಯ ವಸ್ತುವಿಗೆ ಇಂಥ ಹೆಸರೇ?" ಎಂದರು ಭಟ್ಟರು.

"ತಿಂದವರು ಹೆಸರಿಟ್ಟಿದ್ದರೆ ಈಶ್ವರನ ಹೆಸರೇ ಇಡುತ್ತಿದ್ದರು, ಭಟ್ಟರೇ. ಇದು ಪಕ್ಕದಲ್ಲಿ ಕೂತು ನೋಡಿದವರು ಇಟ್ಟದ್ದಿರಬೇಕು."

ದೊರೆ ನಗುತ್ತ ಶಾಲು ಎತ್ತಿಕೊಂಡ. "ನಿನಗೆ ಅರಬ್ಬಿ ಕಲಿಸಿದ ಗುರು ಯಾರಯ್ಯ?"

ದುಗ್ಗರಸ ಕಿವಿ ಹಿಡಿದುಕೊಂಡ. "ಲಾಯದ ಬಿಳಿ ಕುದುರೆ, ಪ್ರಭು. ಶಾಲು ಅದಕ್ಕೇ ಹೊದಿಸಿ. ಅರಬ್ಬಿ ಬರುತ್ತದೆ ಎಂದು ಕೊಚ್ಚಿಕೊಂಡವನಿಗೆ ಆಗಲೇ ಹುಲ್ಲು ಬಡಿಸಿಯಾಗಿದೆ."