ಹೆಂಡದಂಗಡಿಯವನ ಶಿವರಾತ್ರಿ

"ಗುರುಗಳೇ, ನಾಳೆಯ ಪುಣ್ಯ ಯಾರಿಗೆ ಸೇರುತ್ತದೆ?" ಎಂದು ಮರುಳಯ್ಯ ಕೇಳಿದ.

ಅಂದು ಶಿವರಾತ್ರಿಯ ಹಿಂದಿನ ದಿನ. ಗುರುಗಳು ಮಠದ ಜಗಲಿಯಲ್ಲಿ ಕುಳಿತು ಹಸಿ ವಿಭೂತಿಯ ಉಂಡೆಗಳನ್ನು ಬಿಸಿಲಿಗೆ ಸರಿಸುತ್ತಿದ್ದರು. ಅಡುಗೆಯವನು ಆಗಷ್ಟೇ ಅಡುಗೆಮನೆಗೆ ಬೀಗ ಹಾಕಿ, ಪ್ರತಿ ವರ್ಷದಂತೆ ಬೀಗದ ಕೈಯನ್ನು ಅವರ ಪಕ್ಕದಲ್ಲಿಟ್ಟು, ತನ್ನ ಊರಿಗೆ ಹೊರಟುಹೋಗಿದ್ದ. ಇನ್ನು ಉಪವಾಸ ಮುಗಿಯುವವರೆಗೆ ಮಠದಲ್ಲಿ ಒಲೆ ಹೊತ್ತುವುದಿಲ್ಲ. ಮರುಳಯ್ಯ ಏಳು ವರ್ಷದಿಂದ ಅಲ್ಲಿ ಶಿಷ್ಯನಾಗಿದ್ದ. ಏಳು ಶಿವರಾತ್ರಿಗಳಲ್ಲೂ ಒಂದು ತುತ್ತು ಬಾಯಿಗಿಟ್ಟಿಲ್ಲ ಎಂದು ಹೇಳಿಕೊಳ್ಳುವುದು ಅವನಿಗೆ ಬಲು ಇಷ್ಟ.

"ಯಾವ ಪುಣ್ಯವಯ್ಯ?" ಎಂದರು ಗುರುಗಳು.

"ಪೇಟೆಯಲ್ಲಿ ಡಂಗುರ ಹೊಡೆಸಿದ್ದಾರೆ. ನಾಳೆ ಹೆಂಡದಂಗಡಿಗಳಿಗೆಲ್ಲ ಸರಕಾರದ ಮುದ್ರೆ ಬೀಳುತ್ತದೆ. ಊರಿನಲ್ಲಿ ಒಬ್ಬನೂ ಕುಡಿಯುವಂತಿಲ್ಲ. ಊರಿಗೆ ಊರೇ ವ್ರತ ಹಿಡಿದ ಹಾಗಾಯಿತು. ಆ ಪುಣ್ಯ ಆಜ್ಞೆ ಮಾಡಿದವರಿಗೋ, ಕುಡಿಯದೆ ಇದ್ದವರಿಗೋ?"

"ಹಂಚುವುದಕ್ಕೆ ಮೊದಲು ಪುಣ್ಯ ಬಂದಿದೆಯೋ ಇಲ್ಲವೋ ನೋಡೋಣ. ಕುಳಿತುಕೋ" ಎಂದು ಗುರುಗಳು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಹೆಂಡದ ವ್ಯಾಪಾರಿ ಇದ್ದ. ಊರಾಚೆ ಅವನಿಗೆ ಒಂದಿಷ್ಟು ತೆಂಗಿನ ಮರಗಳಿದ್ದವು. ತಾನೇ ಮರ ಹತ್ತಿ ಹೆಂಡ ಇಳಿಸುತ್ತಿದ್ದ, ತಾನೇ ಮಾರುತ್ತಿದ್ದ. ಅವನ ಅಂಗಡಿ ಬೆಟ್ಟದ ದಾರಿಯಲ್ಲಿತ್ತು. ಬೆಟ್ಟದ ಮೇಲೆ ಶಿವನ ಗುಡಿ. ಗುಡಿಗೆ ಹೋಗುವವರು ಅವನ ಅಂಗಡಿ ಬಂದ ಕೂಡಲೇ ರಸ್ತೆಯ ಆಚೆ ಬದಿಗೆ ಸರಿದು ನಡೆಯುತ್ತಿದ್ದರು. ಅವನೇನೂ ಬೇಸರ ಪಟ್ಟುಕೊಳ್ಳುತ್ತಿರಲಿಲ್ಲ. ರೂಢಿಯಾಗಿಬಿಟ್ಟಿತ್ತು.

ಅವನ ಪ್ರಾಯದ ಕಾಲದಲ್ಲಿ ಒಂದು ಶಿವರಾತ್ರಿಯ ಮಧ್ಯಾಹ್ನ ಒಬ್ಬ ಹೆಂಗಸು ಅಂಗಡಿಗೆ ಬಂದಳು. ಅವಳ ಗಂಡ ಒಳಗೆ ಕುಡಿದು ಕುಳಿತಿದ್ದ. ಅವಳು ಬೈಯಲಿಲ್ಲ, ಅಳಲೂ ಇಲ್ಲ. ಒಂದು ಕೈಯಲ್ಲಿ ಬಿಲ್ವಪತ್ರೆಯ ಬುಟ್ಟಿ ಹಿಡಿದು, ಇನ್ನೊಂದು ಕೈಯಲ್ಲಿ ಗಂಡನನ್ನು ಹಿಡಿದು, ಬೆಟ್ಟದ ಕಡೆಗೆ ನಡೆದಳು. ನಾಲ್ಕು ಮೆಟ್ಟಿಲು ಹತ್ತುವಷ್ಟರಲ್ಲಿ ಗಂಡ ಬಿದ್ದ. ಪತ್ರೆಯೆಲ್ಲ ಚೆಲ್ಲಿತು. ನೋಡಿದವರು ನಕ್ಕರು. ವ್ಯಾಪಾರಿ ತನ್ನ ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡಿದ. ಅವನಿಗೆ ನಾಚಿಕೆಯಾಯಿತು.

ಮರುವರ್ಷ ಶಿವರಾತ್ರಿಗೆ ಅವನು ಅಂಗಡಿ ಮುಚ್ಚಿದ. ಮುಚ್ಚು ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಪೇಟೆಯ ಇನ್ನೆರಡು ಹೆಂಡದಂಗಡಿಗಳು ತೆರೆದೇ ಇದ್ದವು. ಗಿರಾಕಿಗಳು ಬಂದು ಬಾಯಿಗೆ ಬಂದಂತೆ ಅಂದರು. ಅವನು ಬಾಗಿಲು ತೆರೆಯಲಿಲ್ಲ.

ಇಲ್ಲೊಂದು ತೊಡಕಿತ್ತು. ಅಂಗಡಿಗೆ ರಜೆ ಕೊಡಬಹುದು, ಮರಕ್ಕೆ ಕೊಡುವ ಹಾಗಿಲ್ಲ. ಹೆಂಡ ಇಳಿಸುವ ಮರದ ಹೊಂಬಾಳೆಯನ್ನು ದಿನವೂ ಒಂದಿಷ್ಟು ಕೆತ್ತಬೇಕು. ಒಂದು ದಿನ ಬಿಟ್ಟರೆ ಕೆತ್ತಿದ ಜಾಗ ಒಣಗಿ ರಸ ನಿಲ್ಲುತ್ತದೆ. ಹಾಗಾಗಿ ಅವನು ಹಿಂದಿನ ಸಂಜೆಯೇ ಗಡಿಗೆಗಳ ಒಳಗೆ ಸುಣ್ಣ ಬಳಿದು ಮರಕ್ಕೆ ಕಟ್ಟಿದ. ಸುಣ್ಣದ ಗಡಿಗೆಯಲ್ಲಿ ರಸ ಹುಳಿಯೇರುವುದಿಲ್ಲ, ಅಮಲೂ ಬರುವುದಿಲ್ಲ. ಬೆಳಿಗ್ಗೆ ಇಳಿಸಿದಾಗ ಎಳನೀರಿಗಿಂತ ಸಿಹಿಯಾಗಿತ್ತು. ಅದನ್ನು ಬಟ್ಟೆಯಲ್ಲಿ ಸೋಸಿ, ಏಲಕ್ಕಿ ಪುಡಿ ಹಾಕಿ, ಮುಚ್ಚಿದ ಅಂಗಡಿಯ ಮುಂದೆ ಕುಳಿತು ಬೆಟ್ಟಕ್ಕೆ ಹೋಗುವವರಿಗೆ ಸುಮ್ಮನೆ ಕೊಟ್ಟ. ಮೊದಲ ವರ್ಷ ಯಾರೂ ಮುಟ್ಟಲಿಲ್ಲ. ಎರಡನೆಯ ವರ್ಷ ಮುದುಕನೊಬ್ಬ ಬಾಯಾರಿಕೆ ತಡೆಯಲಾರದೆ ಕುಡಿದ. ಹತ್ತನೆಯ ವರ್ಷದ ಹೊತ್ತಿಗೆ ಆಚೆ ಬದಿಯಲ್ಲಿ ಹೋಗುವವರು ಈಚೆ ಬದಿಗೆ ಬರತೊಡಗಿದರು.

ಹೀಗೆ ಇಪ್ಪತ್ತೆರಡು ಶಿವರಾತ್ರಿಗಳು ಕಳೆದವು. ಒಂದು ಸಲವೂ ಅವನು ಅಂಗಡಿಗೆ ಬೀಗ ಹಾಕಲಿಲ್ಲ. ಬಾಗಿಲನ್ನು ಮುಂದಕ್ಕೆ ಎಳೆಯುತ್ತಿದ್ದ, ಅಷ್ಟೆ. ಒಳಗೆ ಹಿಂದಿನ ದಿನದ ಹೆಂಡ ಗಡಿಗೆಗಟ್ಟಲೆ ಇರುತ್ತಿತ್ತು. ಒಂದು ಬೆರಳಿನಿಂದ ತಳ್ಳಿದರೆ ಬಾಗಿಲು ತೆರೆದುಕೊಳ್ಳುತ್ತಿತ್ತು. ಯಾವ ಕುಡುಕನೂ ತಳ್ಳಲಿಲ್ಲ. ವರ್ಷದ ಉಳಿದ ದಿನಗಳಲ್ಲಿ ಅವನು ಹೆಂಡ ಮಾರುವವನು. ಆ ಒಂದು ದಿನ ಮಾತ್ರ ಅವನು ಒಗೆದ ಪಂಚೆ ಉಟ್ಟು, ಹಣೆಗೆ ವಿಭೂತಿ ಇಟ್ಟು, ತಲೆ ಎತ್ತಿ ಕೂರುತ್ತಿದ್ದ. ಆ ದಿನಕ್ಕಾಗಿ ಅವನು ವರ್ಷವಿಡೀ ಕಾಯುತ್ತಿದ್ದ.

ಇಪ್ಪತ್ತಮೂರನೆಯ ವರ್ಷ ಊರಿಗೆ ಹೊಸ ಅಮಲ್ದಾರರು ಬಂದರು. ಒಳ್ಳೆಯ ಮನುಷ್ಯ. ಶಿವರಾತ್ರಿಯ ದಿನ ಊರಿನಲ್ಲಿ ಕುಡಿತ ಇರಬಾರದು ಎಂದು ಅವರಿಗೆ ಅನ್ನಿಸಿತು. ಮೂರು ಹೆಂಡದಂಗಡಿಗಳ ಬಾಗಿಲಿಗೂ ಹಗ್ಗ ಬಿಗಿದು ಅರಗಿನ ಮುದ್ರೆ ಒತ್ತಬೇಕೆಂದು ಆಜ್ಞೆ ಹೊರಡಿಸಿದರು. ಡಂಗುರ ಕೇಳಿದ ವ್ಯಾಪಾರಿ ಕಚೇರಿಗೆ ಹೋಗಿ ಕೈಮುಗಿದು ನಿಂತ.

"ಸ್ವಾಮಿ, ನನ್ನ ಅಂಗಡಿಗೆ ಮುದ್ರೆ ಬ್ಯಾಡಿ. ಇಪ್ಪತ್ತೆರಡು ವರ್ಷದಿಂದ ಆ ದಿನ ನಾನೇ ಮುಚ್ಕೊಂಡು ಬಂದಿದೀನಿ. ಊರಲ್ಲಿ ಯಾರನ್ನ ಬೇಕಾದ್ರೂ ಕೇಳಿ."

ಅಮಲ್ದಾರರು ನಕ್ಕರು. "ಹೇಗೂ ಮುಚ್ಚುವವನು ನೀನು. ಮೇಲೆ ನಮ್ಮದೊಂದು ಮುದ್ರೆ ಬಿದ್ದರೆ ನಿನಗೇನು ನಷ್ಟ?"

ವ್ಯಾಪಾರಿಗೆ ಉತ್ತರ ಹೊಳೆಯಲಿಲ್ಲ. ಮತ್ತೊಮ್ಮೆ ಕೈಮುಗಿದು ಬಂದುಬಿಟ್ಟ.

ಇಷ್ಟು ಹೇಳಿ ಗುರುಗಳು ನಿಲ್ಲಿಸಿದರು. "ಅವನಿಗೆ ಹೊಳೆಯಲಿಲ್ಲ. ನಿನಗೆ ಹೊಳೆಯುತ್ತದೆಯೇ, ಮರುಳಯ್ಯ? ಏನು ನಷ್ಟ?"

"ನಷ್ಟ ಏನೂ ಇಲ್ಲ, ಗುರುಗಳೇ. ಅವನು ಮುಚ್ಚಿದರೂ ಮುಚ್ಚಿದ್ದೇ, ಸರಕಾರ ಮುಚ್ಚಿಸಿದರೂ ಮುಚ್ಚಿದ್ದೇ" ಎಂದ ಮರುಳಯ್ಯ.

"ನೀನು ಅಮಲ್ದಾರನಾಗಬೇಕಿತ್ತು, ದಾರಿ ತಪ್ಪಿ ಮಠಕ್ಕೆ ಬಂದೆ" ಎಂದು ಗುರುಗಳು ಮುಂದುವರಿಸಿದರು.

ಶಿವರಾತ್ರಿಯ ಹಿಂದಿನ ದಿನ ಊರಿನ ಕುಡುಕರೆಲ್ಲ ನಾಳೆ ಸಿಗುವುದಿಲ್ಲವಲ್ಲ ಎಂದು ಎರಡು ದಿನದ್ದನ್ನೂ ಒಂದೇ ದಿನ ಕುಡಿದರು. ಮಾರನೆಯ ಬೆಳಿಗ್ಗೆ ಜವಾನ ಬಂದು ವ್ಯಾಪಾರಿಯ ಬಾಗಿಲಿಗೆ ಹಗ್ಗ ಬಿಗಿದು, ಅರಗು ಕರಗಿಸಿ, ಮುದ್ರೆ ಒತ್ತಿ ಹೋದ. ವ್ಯಾಪಾರಿ ಎಂದಿನಂತೆ ಒಗೆದ ಪಂಚೆ ಉಟ್ಟು, ಸಿಹಿರಸದ ಕೊಡಗಳನ್ನಿಟ್ಟುಕೊಂಡು ಬಾಗಿಲ ಮುಂದೆ ಕುಳಿತ.

ಬೆಟ್ಟಕ್ಕೆ ಹೋಗುವ ಜನ ಬಂದರು. ಹೆಚ್ಚಿನವರು ಪರವೂರಿನವರು. ಅವರ ಕಣ್ಣಿಗೆ ಮೊದಲು ಬಿದ್ದದ್ದು ಕೆಂಪು ಅರಗು. ತಂಬಿಗೆ ಹಿಡಿದಿದ್ದ ಹಿರಿಯರೊಬ್ಬರು ಬಾಯಾರಿ ಹತ್ತಿರ ಬಂದವರು ಬಾಗಿಲು ನೋಡಿ ನಿಂತರು.

"ಇಂಥವರಿಗೆ ಸರಕಾರವೇ ಬುದ್ಧಿ ಕಲಿಸಬೇಕಾಯ್ತು ನೋಡಿ. ಮುದ್ರೆ ಬಿದ್ದ ಮನೆಯ ನೀರೂ ಬೇಡ" ಎಂದು ಜೊತೆಯವರಿಗೆ ಹೇಳಿ ಆಚೆ ಬದಿಗೆ ದಾಟಿದರು. ಜೊತೆಯವರೂ ದಾಟಿದರು.

ವ್ಯಾಪಾರಿ ಎತ್ತಿ ಹಿಡಿದಿದ್ದ ಲೋಟವನ್ನು ಕೆಳಗಿಟ್ಟ. ಇಪ್ಪತ್ತಮೂರು ವರ್ಷದ ಹಿಂದೆ ಮೆಟ್ಟಿಲ ಮೇಲೆ ಪತ್ರೆ ಚೆಲ್ಲಿದಾಗ ಆಗಿದ್ದಕ್ಕಿಂತ ದೊಡ್ಡ ನೋವು ಅವನಿಗೆ ಆಗ ಆಯಿತು. ಅಂದು ತಪ್ಪು ಅವನದಿತ್ತು. ಇಂದು ಇರಲಿಲ್ಲ. ಏನು ನಷ್ಟ ಎಂಬುದಕ್ಕೆ ಉತ್ತರವೂ ಆಗ ಹೊಳೆಯಿತು.

ಮಧ್ಯಾಹ್ನ ಕಳೆದ ಮೇಲೆ ಅವನು ಹಿತ್ತಲಿಗೆ ಹೋಗಿ ಹೆಂಡತಿಗೆ, "ಗಡಿಗೆಗಳಿಗೆ ಇನ್ನೊಂದು ಸಲ ಸುಣ್ಣ ಹಚ್ಚು" ಎಂದ.

"ನಾಳೆ ಅಂಗಡಿ ತೆಗೀತಾರಲ್ಲ, ಸುಣ್ಣ ಯಾಕೆ? ವರ್ಷದಲ್ಲಿ ಅಂಥ ವ್ಯಾಪಾರ ಇನ್ನೊಂದು ದಿನ ಆಗಲ್ಲ" ಎಂದಳು ಅವಳು.

"ಅದಕ್ಕೇ ಹಚ್ಚು ಅಂದದ್ದು."

ಅವಳು ಗಂಡನ ಮುಖ ನೋಡಿದಳು. ಹೋಗಿ ಸುಣ್ಣ ಕಲಸಿದಳು. ಅವನು ಮರ ಹತ್ತಿ, ಹೊಂಬಾಳೆ ಕೆತ್ತಿ, ಬಿಳಿಯ ಗಡಿಗೆಗಳನ್ನು ಕಟ್ಟಿ ಇಳಿದ.

ಶಿವರಾತ್ರಿಯ ಮರುದಿನ ಬೆಳಗಾಗುವಷ್ಟರಲ್ಲಿ ಅಂಗಡಿಯ ಮುಂದೆ ಜನ ನೆರೆದಿತ್ತು. ಒಂದು ದಿನ ಒಣಗಿದ ಗಂಟಲುಗಳು. ಜವಾನ ಬಂದು ಅರಗು ಒಡೆದ, ಹಗ್ಗ ಬಿಚ್ಚಿದ, ಬಾಗಿಲು ತಳ್ಳಿದ. ಜನ ನುಗ್ಗುವ ಮೊದಲೇ ವ್ಯಾಪಾರಿ ಅಡ್ಡ ಬಂದು, ಬಾಗಿಲನ್ನು ಮುಂದಕ್ಕೆ ಎಳೆದು, ಹೊಸ್ತಿಲ ಹೊರಗೆ ಕುಳಿತ. ಒಗೆದ ಪಂಚೆ ಉಟ್ಟಿದ್ದ. ಹಣೆಯಲ್ಲಿ ವಿಭೂತಿ ಇತ್ತು.

"ಇವತ್ತು ಅಂಗಡಿ ಇಲ್ಲ" ಎಂದ.

"ಯಾಕಣ್ಣ? ಶಿವರಾತ್ರಿ ನಿನ್ನೆಗೇ ಮುಗೀತಲ್ಲ" ಎಂದ ಒಬ್ಬ ಹಳೆಯ ಗಿರಾಕಿ.

"ನಿನ್ನೇದು ಅಮಲ್ದಾರರ ಶಿವರಾತ್ರಿ. ಇವತ್ತಿಂದು ನಂದು."

ಕೆಲವರು ಗೊಣಗಿಕೊಂಡು ಪೇಟೆಯ ಇನ್ನೆರಡು ಅಂಗಡಿಗಳಿಗೆ ಓಡಿದರು. ಹಳೆಯ ಗಿರಾಕಿ ಮಾತ್ರ ಅಲ್ಲೇ ಕಲ್ಲಿನ ಮೇಲೆ ಕುಳಿತ.

ಬಿಸಿಲು ಏರುವ ಹೊತ್ತಿಗೆ, ಜಾಗರಣೆ ಮುಗಿಸಿದ ಜನ ಬೆಟ್ಟ ಇಳಿದು ಬಂದರು. ಅವರಲ್ಲಿ ತಂಬಿಗೆಯ ಹಿರಿಯರೂ ಇದ್ದರು. ಬಾಗಿಲಲ್ಲಿ ಅರಗಿರಲಿಲ್ಲ, ಹಗ್ಗವಿರಲಿಲ್ಲ. ಬೀಗವೂ ಇಲ್ಲದ ಬಾಗಿಲು ಸುಮ್ಮನೆ ಮುಂದಕ್ಕೆ ಎಳೆದಿತ್ತು. ಹಿರಿಯರಿಗೆ ಅರ್ಥವಾಗಲಿಲ್ಲ. "ಇವತ್ತು ಯಾರು ಮುಚ್ಚಿಸಿದ್ದು?" ಎಂದು ಕಲ್ಲಿನ ಮೇಲಿದ್ದವನನ್ನು ಕೇಳಿದರು.

"ಯಾರೂ ಮುಚ್ಚಿಸಿಲ್ಲ ಬುದ್ಧಿ. ಅವನೇ ಮುಚ್ಚವ್ನೆ. ಇಪ್ಪತ್ತೆರಡು ವರ್ಷದಿಂದ್ಲೂ ಅವನೇ ಮುಚ್ತಿದ್ದ. ನಿನ್ನೆ ಒಂದಿನ ಸರಕಾರದವರು ಬಿಡಲಿಲ್ಲ, ಅಷ್ಟೆ" ಎಂದ ಕುಡುಕ.

ಹಿರಿಯರು ರಸ್ತೆ ದಾಟಿ ಈಚೆಗೆ ಬಂದು ತಂಬಿಗೆ ಮುಂದೆ ಹಿಡಿದರು. ಅವರು ಇನ್ನೂ ಉಪವಾಸ ಬಿಟ್ಟಿರಲಿಲ್ಲ. ವ್ಯಾಪಾರಿ ತಂಬಿಗೆ ತುಂಬ ಸಿಹಿರಸ ಹೊಯ್ದ. ಅವರು ಅಲ್ಲೇ ನಿಂತು ಅದನ್ನು ಕುಡಿದು ಉಪವಾಸ ಬಿಟ್ಟರು. ಜೊತೆಯವರೂ ಒಬ್ಬೊಬ್ಬರಾಗಿ ಬಂದರು.

ಸುದ್ದಿ ಕೇಳಿ ಅಮಲ್ದಾರರೇ ಬಂದರು. "ಇವತ್ತು ತೆರೆಯಬಹುದು ಎಂದು ಆಜ್ಞೆ ಇದೆಯಲ್ಲಪ್ಪ" ಎಂದರು.

ವ್ಯಾಪಾರಿ ಎದ್ದು ನಿಂತು ಕೈಮುಗಿದ. "ತೆರೀಬಹುದು ಅಂತ ಐತೆ ಸ್ವಾಮಿ, ಅದಕ್ಕೇ ಮುಚ್ಚಿದೀನಿ. ನಿನ್ನೆ ತೆರೆಯೋಕೆ ಆಗ್ತಿರಲಿಲ್ಲ. ತೆರೆಯೋಕೆ ಆಗದ ಬಾಗ್ಲನ್ನ ನಾನು ಮುಚ್ಚಿದೆ ಅಂತ ಶಿವನ ಮುಂದೆ ಹೆಂಗೆ ಹೇಳ್ಲಿ? ನೀವು ಕೇಳಿದ ನಷ್ಟ ಇದೇ."

ಅಮಲ್ದಾರರು ಒಂದು ಲೋಟ ಕೇಳಿ ಪಡೆದು ಕುಡಿದು ಹೋದರು. ಆಜ್ಞೆಯನ್ನು ಅವರು ಹಿಂದಕ್ಕೆ ಪಡೆಯಲಿಲ್ಲ. ಪಡೆಯಬೇಕಾಗಿಯೂ ಇರಲಿಲ್ಲ. ಅಂದಿನಿಂದ ಆ ಅಂಗಡಿ ವರ್ಷಕ್ಕೆ ಎರಡು ದಿನ ಮುಚ್ಚಿರುತ್ತಿತ್ತು. ಒಂದು ದಿನ ಸರಕಾರದ್ದು, ಒಂದು ದಿನ ಅವನದು. ಅವನದಾದ ದಿನ ಬೆಟ್ಟ ಇಳಿದು ಬಂದವರು ಸಾಲುಗಟ್ಟಿ ನಿಂತು ಅವನ ಕೈಯಿಂದ ಸಿಹಿರಸ ಕುಡಿದೇ ಉಪವಾಸ ಬಿಡುತ್ತಿದ್ದರು. ಸಾಯುವವರೆಗೂ ಆ ದಿನ ಅವನು ತಲೆ ತಗ್ಗಿಸಲಿಲ್ಲ. ಅವನ ವಿಷಯ ಹೇಳುವಾಗ ನನ್ನ ಬೆನ್ನೂ ನೆಟ್ಟಗಾಗುತ್ತದೆ.

ಗುರುಗಳು ಕತೆ ಮುಗಿಸಿ, ಒಣಗಿದ ಉಂಡೆಗಳನ್ನು ಮೊರಕ್ಕೆ ತುಂಬತೊಡಗಿದರು.

ಮರುಳಯ್ಯ ಯೋಚಿಸಿ ಕೇಳಿದ. "ಹಾಗಾದರೆ ಅಮಲ್ದಾರರ ಆಜ್ಞೆ ತಪ್ಪೇ, ಗುರುಗಳೇ?"

"ತಪ್ಪೇಕೆ? ಆ ದಿನ ಗಂಡ ನೆಟ್ಟಗೆ ನಡೆದು ಮನೆಗೆ ಬಂದ ಹೆಂಗಸನ್ನು ಕೇಳು, ಅಮಲ್ದಾರರಿಗೆ ಆರತಿ ಎತ್ತುತ್ತಾಳೆ. ಆಜ್ಞೆ ಬೀದಿಯನ್ನು ಕಾಯಿತು. ಅದಕ್ಕೆ ಅಷ್ಟೇ ಸಾಧ್ಯ, ಅಷ್ಟೇ ಸಾಕು. ವ್ರತವನ್ನೂ ಅದೇ ಮಾಡಿಕೊಟ್ಟಿತು ಎಂದು ನೀನು ಹೇಳಿದೆಯಲ್ಲ, ಅದು ತಪ್ಪು."

ಮರುಳಯ್ಯನಿಗೆ ಸಮಾಧಾನವಾಯಿತು. ಅವನ ಮುಖ ಅರಳಿತು. "ನಿಜ, ಗುರುಗಳೇ. ಕುಡುಕರ ವ್ರತ ವ್ರತವಲ್ಲ. ಏಳು ವರ್ಷದಿಂದ ನಾನು ಮಾಡಿದ ಉಪವಾಸ..." ಎಂದು ಶುರುಮಾಡಿದ.

ಗುರುಗಳು ಪಕ್ಕದಲ್ಲಿದ್ದ ಬೀಗದ ಕೈಯನ್ನು ತೆಗೆದು ಅವನ ಅಂಗೈಯಲ್ಲಿಟ್ಟರು.

"ನಾಳೆ ಅಡುಗೆಮನೆಯ ಬೀಗದ ಕೈ ನಿನ್ನ ಸೊಂಟದಲ್ಲೇ ಇರಲಿ, ಮರುಳಯ್ಯ."