ಗುಡಾಣದೊಳಗಿನ ಗಂಗಮ್ಮನ ಮಕ್ಕಳು

ನಮ್ಮಜ್ಜಿಯ ಅಜ್ಜಿ ಇನ್ನೂ ತೊಟ್ಟಿಲಲ್ಲಿದ್ದ ಒಂದಾನೊಂದು ಕಾಲದಲ್ಲಿ, ನೇಕಾರರ ಕೇರಿಯಲ್ಲಿ ತಿಪ್ಪಮ್ಮ ಅಂತ ಒಬ್ಬಳಿದ್ದಳಂತೆ. ಅವಳಿಗೆ ಮೂರು ಗಂಡುಮಕ್ಕಳು, ಮೂರು ಸೊಸೆಯರು, ಹಿತ್ತಲಲ್ಲಿ ಮೂರು ಗುಡಾಣ. ಗುಡಾಣ ಅಂದ್ರೆ ನೀರು ತುಂಬಿಡೋ ಮಣ್ಣಿನ ಮಡಕೆ ಕಣೋ ಕಂದ, ನೀನು ಒಳಗೆ ಕೂತರೆ ಜುಟ್ಟೂ ಕಾಣಲ್ಲ, ಅಷ್ಟು ದೊಡ್ಡದು. ಅದರ ತಳ ಕಂಡರೆ ಗಂಗಮ್ಮ ಮನೆ ಬಿಟ್ಟು ಹೋಗ್ತಾಳೆ ಅಂತ ತಿಪ್ಪಮ್ಮನ ಅತ್ತೆ ಹೇಳಿ, ತಳ ನೋಡಲ್ಲ ಅಂತ ಮಾತು ತಗೊಂಡಿದ್ದಳಂತೆ. ಅದಕ್ಕೇ ಆ ಮನೇಲಿ ಹಳೇ ನೀರಿನ ಮೇಲೇ ಹೊಸ ನೀರು ಸುರಿಯೋದು, ಯಾವತ್ತೂ ಬರಿದು ಮಾಡೋದಿಲ್ಲ. ನೀರಲ್ಲಿ ತಲೆಕೆಳಗಾಗಿ ಲಾಗ ಹಾಕೋ ಸಣ್ಣ ಹುಳ ಕಂಡರೆ, ಗಂಗಮ್ಮನ ಮಕ್ಕಳು ಕಣ್ರೇ, ಆಡ್ಕೊಳ್ಳಲಿ ಬಿಡಿ, ಅನ್ನೋಳಂತೆ ತಿಪ್ಪಮ್ಮ.

ಆಮೇಲೆ ದೊಡ್ಡ ಮಗನಿಗೆ ಜ್ವರ ಬಂತಂತೆ, ದೃಷ್ಟಿ ತೆಗೆದರು. ಅವನು ಏಳೋ ಹೊತ್ತಿಗೆ ನಡುವಿನವನು ಮಲಗಿದ, ತಾಯಿತ ಕಟ್ಟಿದರು. ಅವನು ಏಳೋ ಹೊತ್ತಿಗೆ ಕಿರೀ ಸೊಸೆ ಪಾಲಮ್ಮನ ಮಗಳು ಚಿನ್ನಿ ಮಲಗಿದಳಂತೆ, ಅವ್ವಾ ಅನ್ನೋಕೂ ತ್ರಾಣ ಇಲ್ಲ. ಪಾಲಮ್ಮ, ದಾರ ಗೀರ ಸಾಕು ಅಂತ ಕೂಸನ್ನೆತ್ತಿಕೊಂಡು ವೈದ್ಯರ ಹತ್ರ ಓಡಿದಳಂತೆ. ಅವರು ಮದ್ದು ಕೊಟ್ಟು, ನೀರು, ಗಂಜಿ ಕುಡಿಸ್ತಾ ಇರಮ್ಮ, ಹಗಲಲ್ಲೂ ಸೊಳ್ಳೆ ಕಚ್ಚದ ಹಾಗೆ ನೋಡ್ಕೋ, ಇವಳನ್ನು ಕಚ್ಚಿದ ಸೊಳ್ಳೆ ಇನ್ನೊಬ್ಬರನ್ನು ಕಚ್ಚಿದರೆ ಅವರಿಗೂ ಜ್ವರ, ಅಂದರಂತೆ. ಆಮೇಲೆ ಅವಳ ಗಂಡ ಮಗ್ಗದಲ್ಲಿ ತೆಳ್ಳನೆ ಬಟ್ಟೆ ನೇಯ್ದು ಪರದೆ ಕಟ್ಟಿದನಂತೆ.

ಕಟ್ಟಿದರೇನು, ಸೊಳ್ಳೆ ಹುಟ್ಟೋದೆಲ್ಲಿ? ಗುಡಾಣದಲ್ಲೇ ಅಂತ ಪಾಲಮ್ಮನಿಗೆ ಅನುಮಾನ. ಮೊದಲು ನೀರು ಸೋಸಿದಳು, ಹುಳ ಮತ್ತೆ ಬಂದವು, ಮೊಟ್ಟೆ ಗುಡಾಣದ ಒಳಮೈಗೇ ಅಂಟಿರುತ್ತಲ್ಲ. ಆಮೇಲೆ ಗುಡಾಣದ ಬಾಯಿಗೆ ಬಟ್ಟೆ ಮುಚ್ಚಿದಳು, ಅತ್ತೆ ಬಂದು, ಗಂಗಮ್ಮನಿಗೆ ಉಸಿರು ಕಟ್ಟಲ್ವೇನೇ, ನಾಳೆ ತಳ ಗಿಳ ತೋರಿಸಿದ್ಯೋ ತವರಿಗೆ ಅಟ್ಟಿಬಿಡ್ತೀನಿ, ಅಂತ ತೆಗೆದುಬಿಟ್ಟಳಂತೆ. ಮೂರನೇ ಸಲ ಪಾಲಮ್ಮ ಏನು ಮಾಡಿದಳು, ಒಂದು ಚೊಂಬಿನಲ್ಲಿ ಆ ಹುಳಗಳನ್ನೇ ನೀರಿನ ಸಮೇತ ತುಂಬಿ, ಬಾಯಿಗೆ ಬಟ್ಟೆ ಬಿಗಿದು ಗೂಡಲ್ಲಿಟ್ಟಳಂತೆ. ಕೆಲವು ದಿನ ಕಳೆದ ಮೇಲೆ ಒಳಗೆ ಗುಂಯ್ ಅಂತ ಸದ್ದು.

ಅತ್ತೆಮ್ಮಾ, ಗಂಗಮ್ಮನ ಮಕ್ಕಳು ಹಾಡ್ತಿದಾವೆ, ಕೇಳ್ಬನ್ನಿ, ಅಂದಳಂತೆ. ತಿಪ್ಪಮ್ಮ ಬಗ್ಗಿ ನೋಡಿದರೆ ಹುಳ ಇಲ್ಲ, ಬರೀ ಸೊಳ್ಳೆ! ಅಯ್ಯೋ ನನ್ನ ಕರ್ಮವೇ, ಮಕ್ಕಳು ಮಕ್ಕಳು ಅಂತ ಮೊಮ್ಮಗಳ ರಕ್ತ ಹೀರೋವನ್ನ ಸಾಕಿದೆನಲ್ಲೇ, ಅಂತ ಎದೆ ಬಡಿದುಕೊಂಡಳಂತೆ. ಆದ್ರೂ ಅತ್ತೆಗೆ ಕೊಟ್ಟ ಮಾತು ಮುರಿಯೋದು ಹೇಗೆ? ಗೋಡೆ ಕಡೆ ತಿರುಗಿ, ಮುಖಕ್ಕೆ ಸೆರಗು ಹಾಕ್ಕೊಂಡು, ನಾನಂತೂ ತಳ ನೋಡಲ್ಲಪ್ಪ, ನೀವು ಸುರೀರಿ, ಅಂದಳಂತೆ.

ಮೂರು ಸೊಸೆಯರೂ ನಗ್ತಾ ನಗ್ತಾ ಒಂದೊಂದೇ ಗುಡಾಣ ಬೋರಲು ಹಾಕಿ, ತೆಂಗಿನ ನಾರು, ಬೂದಿ ಹಾಕಿ ಒಳಮೈ ಉಜ್ಜಿ, ಬಿಸಿಲಿಗೆ ಒಣಗಿಸಿ, ಹೊಸ ನೀರು ತುಂಬಿ ಬಾಯಿಗೆ ಬಟ್ಟೆ ಕಟ್ಟಿದರಂತೆ. ಅಲ್ಲಿಂದಾಚೆ ವಾರವಾರವೂ ಹಾಗೇ. ಗಂಗಮ್ಮ ಎಲ್ಲೂ ಹೋಗಲಿಲ್ಲ. ಚಿನ್ನಿ ಎದ್ದು ಕೂತು, ಅವ್ವಾ, ಮುದ್ದೆ ಕೊಡು, ಅಂದಳಂತೆ. ತಿಪ್ಪಮ್ಮ ಕೇರಿಯ ಮನೆಮನೆಗೂ ನುಗ್ಗಿ, ಏನ್ರೇ, ಗುಡಾಣ ಉಜ್ಜಿದ್ರಾ, ಇಲ್ಲಾ ನಾನೇ ಮುಖ ಮುಚ್ಕೊಂಡು ಸುರೀಲಾ, ಅಂತ ಗದರೋಳಂತೆ.

ಜ್ವರ ಕೇರಿ ಬಿಟ್ಟು ಹೋಯ್ತು, ಕತೆಯೂ ಮುಗೀತು. ಹ್ಞೂಂ, ಕಾಲು ಪರದೆಯೊಳಗೆ ಎಳ್ಕೋ ಕಂದ.