ಆ ಮಧ್ಯಾಹ್ನದ ಪದ

ಹೊಳೆದಂಡೆಯ ಮಠದಲ್ಲಿ ನಿರುಪಾದಜ್ಜ ಎಂಬ ಗುರು ಇದ್ದ. ಅವನು ಏಕತಾರಿ ಹಿಡಿದರೆ ಎಮ್ಮೆ ಕೂಡ ಮೇವು ಮರೆಯುತ್ತದೆ ಎಂದು ಊರವರು ಹೇಳುತ್ತಿದ್ದರು. ಊರವರ ಮಾತು, ಅರ್ಧ ನಂಬೋಣ.

ಆದರೆ ಒಂದು ಮಧ್ಯಾಹ್ನದ ವಿಷಯದಲ್ಲಿ ಎಲ್ಲರದೂ ಒಂದೇ ಮಾತು. ಮೂವತ್ತು ವರ್ಷದ ಹಿಂದೆ, ಒಂದು ಅಮಾವಾಸ್ಯೆ, ಅಜ್ಜನ ಮೇಳ ಹೊಳೆಯ ಮರಳಿನಲ್ಲಿ ಕೂತು ಒಂದು ಪದ ಎತ್ತಿಕೊಂಡಿತು. ಒಬ್ಬ ಬಿಟ್ಟಲ್ಲಿ ಇನ್ನೊಬ್ಬ ಹಿಡಿದ. ಊಟದ ಹೊತ್ತಿಗೆ ಶುರುವಾದದ್ದು ದೀಪ ಹಚ್ಚುವ ತನಕ ಮುಗಿಯಲಿಲ್ಲ. ಕೇಳಿದವರು ಇಂದಿಗೂ ಆ ಮಾತು ಬಂದರೆ ಕಣ್ಣು ಅರೆಮುಚ್ಚುತ್ತಾರೆ.

ಶಿಷ್ಯ ದ್ಯಾವಪ್ಪ ಆಗ ಹುಟ್ಟಿರಲೇ ಇಲ್ಲ. ಅದೇ ಅವನ ದುಃಖ.

ಈ ವರ್ಷ ಅಜ್ಜನ ಗಂಟಲು ಕಟ್ಟಿತು.

"ಬರೋ ಅಮಾಸಿಗೆ ನೀನ ಎತ್ತಿಕೋ," ಎಂದ.

"ಅವತ್ತಿನ ಪದಾನ ಹಾಡ್ತೀನ್ರಿ ಅಜ್ಜಾರ. ಹೆಂಗಿತ್ತೋ ಹಂಗ."

ಅಜ್ಜ ಏಕತಾರಿಯನ್ನು ಅವನ ಮಡಿಲಿಗಿಟ್ಟ.

ದ್ಯಾವಪ್ಪ ನೋಟ್‌ಬುಕ್ಕು ಹಿಡಿದು ಮನೆ ಮನೆ ಅಲೆದ.

"ಅದು ನಮ್ಮ ಹರಗೋಲಿನ ಹಾಡಿಂದ ಬಂದದ್ದು," ಎಂದ ಅಂಬಿಗರ ಭೀಮಪ್ಪ. ಹುಟ್ಟು ಹಾಕುವಂತೆ ಕೈಯಾಡಿಸುತ್ತ ನಿಧಾನಕ್ಕೆ ಗುನುಗಿದ.

"ಯಾಂವ ಹೇಳ್ದ? ಅದು ಮೊಹರಮ್ಮಿನ ಅಲಾವಿ ಕುಣಿತದ ಪದದ ಧಾಟಿ," ಎಂದಳು ಇಮಾಂಬಿ. ಎಪ್ಪತ್ತರ ಮುದುಕಿ. ಕೂತಲ್ಲೇ ಹೆಜ್ಜೆ ಕುಟ್ಟಿ ತೋರಿಸಿದಳು.

ಎರಡನ್ನೂ ಬರೆದುಕೊಂಡ. ಒಂದಕ್ಕೊಂದು ಕೂಡಲಿಲ್ಲ.

"ಅಜ್ಜಾರ, ಇಬ್ಬರೊಳಗ ಯಾರದು ಖರೆ?"

"ಹಾಡು, ನೋಡೂಣು."

ಎರಡು ಸಾಲು ಹಾಡಿ ದ್ಯಾವಪ್ಪ ನಿಂತ. ಹಾಳೆ ತಿರುವಿದ. ಇನ್ನೊಂದು ಸಾಲು ಹಾಡಿದ. ಮತ್ತೆ ತಿರುವಿದ.

ಅಜ್ಜ ನೋಟ್‌ಬುಕ್ಕು ಈಸಿಕೊಂಡ. ಹಾರ್ಮೋನಿಯಂ ಇಡುವ ಮಣೆ ಬಹಳ ದಿನದಿಂದ ಕುಂಟುತ್ತಿತ್ತು. ಅದರಡಿ ತುರುಕಿ, ಅಲುಗಿಸಿ ನೋಡಿದ.

"ಈಗ ಚಲೋ ಆತು," ಎಂದ.

ಅಮಾವಾಸ್ಯೆ ಬಂತು. ನೋಟ್‌ಬುಕ್ಕು ಕೇಳುವ ಧೈರ್ಯ ದ್ಯಾವಪ್ಪನಿಗೆ ಆಗಲಿಲ್ಲ. ಊಟ ಮುಗಿಸಿದ ಜನ ಮರಳಿನ ಮೇಲೆ ಹಾಕಿದ ಚಪ್ಪರದಡಿ ಕೂತರು. ಹೊಳೆಯ ಮೇಲೆ ಝಳ ನಡುಗುತ್ತಿತ್ತು. ಆಚೆ ದಂಡೆ ಇದೆಯೋ ಇಲ್ಲವೋ ಅನ್ನುವಷ್ಟು ಮಸುಕು.

ದ್ಯಾವಪ್ಪ ಪದ ಎತ್ತಿಕೊಂಡ. ಮೂರನೆಯ ಸಾಲಿಗೆ ಎಲ್ಲ ಮರೆತುಹೋಯಿತು. ಬೆರಳು ಮಾತ್ರ ತಂತಿಯ ಮೇಲೆ ಆಡುತ್ತಿತ್ತು.

ಭೀಮಪ್ಪ ತನ್ನಷ್ಟಕ್ಕೆ ಗುನುಗತೊಡಗಿದ. ಇಮಾಂಬಿಯ ಅಂಗೈ ತೊಡೆಯ ಮೇಲೆ ತಾಳ ಹಾಕಿತು. ಆ ನಿಧಾನ, ಈ ಚುರುಕು, ಎರಡರ ನಡುವೆ ದ್ಯಾವಪ್ಪನ ಗಂಟಲಿಗೆ ಒಂದು ಧಾಟಿ ಸಿಕ್ಕಿತು. ಹಿಡಿದುಕೊಂಡ. ಅವನು ಬಿಟ್ಟಲ್ಲಿ ಮೇಳದಲ್ಲಿ ದಮ್ಮಡಿ ಬಡಿಯುತ್ತಿದ್ದವನು ಹಿಡಿದ. ಆಮೇಲೆ ಯಾರು ಬಿಟ್ಟರು, ಯಾರು ಹಿಡಿದರು ಎಂಬುದು ಯಾರಿಗೂ ತಿಳಿಯಲಿಲ್ಲ. ದ್ಯಾವಪ್ಪ ಕಣ್ಣು ಬಿಟ್ಟಾಗ ಮಠದಲ್ಲಿ ದೀಪ ಹಚ್ಚಿದ್ದರು.

"ಅವತ್ತಿನ ಪದಾನ ಅದು," ಎಂದು ಇಮಾಂಬಿ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಒಂದೀಟೂ ಅತ್ತಿತ್ತ ಆಗಲಿಲ್ಲ."

ಭೀಮಪ್ಪನೂ ತಲೆಯಾಡಿಸಿದ. ಮೂವತ್ತು ವರ್ಷದಲ್ಲಿ ಇಬ್ಬರೂ ಒಪ್ಪಿದ್ದು ಅದೊಂದೇ ಸಲ.

ದ್ಯಾವಪ್ಪನಿಗೆ ಮಾತ್ರ ಅನ್ನ ಇಳಿಯಲಿಲ್ಲ. ಮರುದಿನ ಬೆಳಿಗ್ಗೆ ಅಜ್ಜನ ಕಾಲ ಬಳಿ ಕೂತು ಅತ್ತೇಬಿಟ್ಟ.

"ತಪ್ಪಾತ್ರಿ ಅಜ್ಜಾರ. ಅದು ಅವತ್ತಿನ ಪದ ಅಲ್ಲ. ನಾ ಮರ್ತಬಿಟ್ಟೆ. ಬಾಯಿಗೆ ಬಂದದ್ದು ಹಾಡಿದೆ. ಮಂದಿ ಅದನ್ನ ಖರೆ ಅಂತ ತಿಳಕೊಂಡಾರ."

ಅಜ್ಜ ಏಕತಾರಿಯ ತಂತಿ ಸಡಿಲಿಸುತ್ತಿದ್ದ. ಗಂಟಲು ಇನ್ನೂ ಬಿಟ್ಟಿರಲಿಲ್ಲ. ದ್ಯಾವಪ್ಪ ಬಾಗಿ ಕಿವಿಗೊಡಬೇಕಾಯಿತು.

"ಅವತ್ತು ನಾ ನಮ್ಮ ಗುರುಗಳ ಪದ ಹಾಡಾಕ ಕುಂತಿದ್ದೆ," ಎಂದ. "ಮೂರನೇ ಸಾಲಿಗೆ ಮರ್ತಹೋತು."